ಹಡಗು ಬಾರದ ಬಂದರಿನಲ್ಲಿ ಒಂದು ಹಗಲು

ಮೆಡಿಟರೇನಿಯನ್ ತೀರದ ಹಳೆಯ ಬಂದರುಗಳಲ್ಲಿ ಯಾತ್ರಿಕರು ಬೆಳಿಗ್ಗೆ ಹಡಗಿನಿಂದಿಳಿದು, ಇಗರ್ಜಿ, ಪೇಟೆ, ಓಣಿಗಳನ್ನು ನೋಡಿ ಸಂಜೆಗೆ ಮರಳುವುದುಂಟು. ಚೆನ್ನೈಯ ಮೈಲಾಪೂರ್ ಕೂಡ ಹಾಗೆ ನೋಡಬೇಕಾದ ಊರು. ಹಡಗೊಂದು ಮಾತ್ರ ಈಗ ಇಲ್ಲಿಗೆ ಬರುವುದಿಲ್ಲ. ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಹೆಸರಿಸಿದ ‘ಮಲಿಯಾರ್ಫಾ’ ಇದೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ನಾವು ಕಡಲ ಕಡೆಯಿಂದಲೇ ಊರನ್ನು ಹೊಕ್ಕೆವು. ಇಲ್ಲಿ ಕೊಲ್ಲಿಯಿಲ್ಲ, ಅಲೆಗಳಿಗೆ ತಡೆಯಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಮೊಳೆಯಿಲ್ಲದೆ ನಾರಿನ ಹಗ್ಗದಿಂದ ಹೊಲಿದ ಮಸೂಲ ದೋಣಿಗಳು ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದವು.

ಹಾಗೆ ಇಳಿದವರಲ್ಲಿ ಪೋರ್ಚುಗೀಸರು ಇಲ್ಲಿಯೇ ನೆಲೆಸಿದರು. 1520ರ ದಶಕದಲ್ಲಿ ಸಂತ ಥಾಮಸನ ಸಮಾಧಿಯ ಸುತ್ತ ಅವರ ಸಾಂಥೋಮ್ ಬೆಳೆಯಿತು. ಇಂದು ಕಾಣುವ ಬಿಳಿಯ ಇಗರ್ಜಿ 1896ರದು. ಅದರ ಆವರಣದಲ್ಲಿ ದೊರೆತ ಚೋಳರ ಕಾಲದ ಶಾಸನದ ತುಣುಕುಗಳು, ಕಪಾಲೀಶ್ವರನ ಮೂಲ ದೇವಾಲಯ ಕಡಲ ದಡದಲ್ಲಿತ್ತೆಂಬ ನಂಬಿಕೆಗೆ ಬಲ ಕೊಡುತ್ತವೆ. 7ನೆಯ ಶತಮಾನದ ಸಂಬಂಧರ್ ಈ ದೇವರ ಉತ್ಸವಗಳನ್ನು ಎಣಿಸುವಾಗ ಮಾಸಿ ತಿಂಗಳ ಸಮುದ್ರಸ್ನಾನವನ್ನೂ ಹೇಳುತ್ತಾರೆ. ಈಗಿನ ಗುಡಿ ದಡದಿಂದ ಒಳಗೆ ಸರಿದು, ವಿಜಯನಗರ ಕಾಲದಲ್ಲಿ ಹೊಸದಾಗಿ ಎದ್ದುದು.

ವಿಜಯನಗರದ ಹೆಸರು ಬಂದೊಡನೆ ಕನ್ನಡಿಗರಾದ ನಮ್ಮ ಕಿವಿ ನೆಟ್ಟಗಾಗುತ್ತದೆ. 1547ರಲ್ಲಿ ಗೋವೆಯ ಪೋರ್ಚುಗೀಸರೊಡನೆ ವಿಜಯನಗರ ಒಪ್ಪಂದ ಮಾಡಿಕೊಂಡಿತ್ತು. ಆದರೂ 1558ರ ಸುಮಾರಿಗೆ ಅಳಿಯ ರಾಮರಾಯ ಸೇನೆಯೊಡನೆ ಸಾಂಥೋಮಿಗೆ ಬಂದ. ಗುಡಿಗಳಿಗೆ ಅಲ್ಲಿ ಹಾನಿಯಾಗುತ್ತಿದೆಯೆಂಬ ದೂರೂ, ಊರು ಬಹಳ ಸಿರಿವಂತವೆಂಬ ಸುದ್ದಿಯೂ ಅವನನ್ನು ಕರೆತಂದಿದ್ದವು. ಕಪ್ಪ ಹೇರಿ, ಒತ್ತೆಯಾಳುಗಳನ್ನು ಹಿಡಿದು ಆತ ಮರಳಿದ. ಆ ದಂಡಯಾತ್ರೆಯನ್ನು ನೆನಪಿಸುವ ಗುರುತೊಂದನ್ನು ನಾವು ಈ ಬೀದಿಗಳಲ್ಲಿ ಕಾಣಲಿಲ್ಲ. ಧರ್ಮರಕ್ಷಣೆಯ ಕಥೆಯೆಂದು ಇದನ್ನು ಹೊಗಳುವುದು ಸುಲಭ. ಕಪ್ಪದ ಮಾತನ್ನು ಮರೆತರೆ ಮಾತ್ರ ಅದು ಸಾಧ್ಯ.

ರಾಮರಾಯನಿಗೆ ಮೂರೂವರೆ ಶತಮಾನ ಮೊದಲು ಅದೇ ಹಂಪೆಯಲ್ಲಿದ್ದ ಹರಿಹರ ತಮಿಳು ನಾಡಿನಿಂದ ಬೇರೊಂದನ್ನು ಪಡೆದಿದ್ದ. ಶಿವಭಕ್ತರಾದ ಅರವತ್ತುಮೂವರು ನಾಯನಾರರನ್ನು ಕನ್ನಡ ‘ಪುರಾತನರು’ ಎಂದು ತನ್ನವರನ್ನಾಗಿಸಿಕೊಂಡಿತು. ಅವರಲ್ಲಿ ಒಬ್ಬನಾದ ಸುಂದರರ್ ಹರಿಹರನ ರಗಳೆಯಲ್ಲಿ ನಂಬಿಯಣ್ಣನಾದ. ಅವನು ಸಂಕಿಲೆಯನ್ನು ವರಿಸಿದ ತಿರುವೊಟ್ಟಿಯೂರು ಇದೇ ಚೆನ್ನೈಯ ಉತ್ತರದಂಚಿನಲ್ಲಿದೆ. ಇದನ್ನು ಪಡೆಯಲು ಯಾರನ್ನೂ ಒತ್ತೆಯಿಡಬೇಕಾಗಲಿಲ್ಲ. ಕೊಟ್ಟವರಿಗೆ ಏನೂ ಕಡಿಮೆಯಾಗಲಿಲ್ಲ.

ಇಳಿಹೊತ್ತಿಗೆ ನಾವು ಲಸ್ ಇಗರ್ಜಿ ತಲುಪಿದೆವು. ಅಲ್ಲಿನ ಶಾಸನ 1516ನ್ನು ಹೇಳುತ್ತದೆ. ಕಡಲಲ್ಲಿ ದಿಕ್ಕು ತಪ್ಪಿದ ನಾವಿಕರಿಗೆ ದಾರಿ ತೋರಿದ ಬೆಳಕಿನ ಐತಿಹ್ಯ ಅದರದು; ಪೋರ್ಚುಗೀಸರ ಭಾಷೆಯಲ್ಲಿ ‘ಲಸ್’ ಎಂದರೆ ಬೆಳಕು. ಊರವರಿಗೆ ಮಾತ್ರ ಅದು ‘ಕಾಟ್ಟು ಕೋವಿಲ್’, ಕಾಡಿನ ಗುಡಿ. ಹೊರಗಿನಿಂದ ಬಂದದ್ದನ್ನು ಊರು ತನ್ನ ಮಾತಿನಲ್ಲಿ ಕರೆದು ಒಳಗೆ ಸೇರಿಸಿಕೊಂಡ ಬಗೆ ಇದು.

ಈ ನಗರದಲ್ಲಿ ನೆಲೆಸಿದ ಕನ್ನಡಿಗರು ಪಂಗುನಿ ಉತ್ಸವದಲ್ಲಿ ಅರವತ್ತುಮೂವರ ಮೆರವಣಿಗೆಯನ್ನು ಒಮ್ಮೆ ನೋಡಬೇಕು. ಮಾಡಬೀದಿಗಳಲ್ಲಿ ಸಾಗುವ ಆ ಮೂರ್ತಿಗಳ ನಡುವೆ ನಮ್ಮ ನಂಬಿಯಣ್ಣನೂ ಇರುತ್ತಾನೆ.