ಪ್ರತಿಮೆಗಳಿಗೆ ರೂಪವಿತ್ತವಳು: ಆಡ್ರಿ ಮನ್ಸನ್

ನ್ಯೂಯಾರ್ಕ್ ನಗರದಲ್ಲಿ ಬ್ರಾಡ್‌ವೇ ಹಾಗೂ 106ನೆಯ ಬೀದಿಗಳು ಕೂಡುವಲ್ಲಿ ಒಂದು ಪುಟ್ಟ ಉದ್ಯಾನವಿದೆ. 1912ರಲ್ಲಿ ಟೈಟಾನಿಕ್ ಹಡಗಿನ ದುರಂತದಲ್ಲಿ ಮಡಿದ ಇಸಿಡೋರ್ ಮತ್ತು ಐಡಾ ಸ್ಟ್ರಾಸ್ ದಂಪತಿಗಳ ಸ್ಮಾರಕವದು. ಒರಗಿಕೊಂಡು ಕೆಳಗೆ ದೃಷ್ಟಿ ನೆಟ್ಟಿರುವ ಅಲ್ಲಿನ ಕಂಚಿನ ಸ್ತ್ರೀಮೂರ್ತಿಗೆ ಶಿಲ್ಪಿ ಅಗಸ್ಟಸ್ ಲೂಕ್‌ಮನ್ ಇಟ್ಟ ಹೆಸರು ‘ಸ್ಮೃತಿ’. ಈ ಮೂರ್ತಿಗೆ ರೂಪದರ್ಶಿಯಾಗಿ ನಿಂತವಳು ಆಡ್ರಿ ಮನ್ಸನ್. 1915ರಲ್ಲಿ ಈ ಸ್ಮಾರಕ ಅನಾವರಣಗೊಂಡಾಗ ಅಮೆರಿಕದ ಕಲಾಲೋಕದಲ್ಲಿ ಆಕೆಯಷ್ಟು ಬೇಡಿಕೆಯಿದ್ದ ರೂಪದರ್ಶಿ ಮತ್ತೊಬ್ಬಳಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಆಕೆ ಎಲ್ಲಿದ್ದಾಳೆಂದು ಕೇಳುವವರೂ ಇರಲಿಲ್ಲ.

ಆಡ್ರಿ ಹುಟ್ಟಿದ್ದು 1891ರಲ್ಲಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ. ತಂದೆ ತಾಯಿ ಬೇರ್ಪಟ್ಟ ಮೇಲೆ ತಾಯಿಯೊಡನೆ ಮಹಾನಗರಕ್ಕೆ ಬಂದ ಹುಡುಗಿಯನ್ನು ಛಾಯಾಚಿತ್ರಕಾರನೊಬ್ಬ ಗುರುತಿಸಿದ. ಅಲ್ಲಿಂದ ಶಿಲ್ಪಿಗಳ ಕಾರ್ಯಾಗಾರಗಳ ಬಾಗಿಲು ತೆರೆಯಿತು. ಇಸಿಡೋರ್ ಕೊಂಟಿ ಎಂಬ ಶಿಲ್ಪಿ ಹೋಟೆಲೊಂದಕ್ಕಾಗಿ ರಚಿಸಿದ ಮೂವರು ದೇವತೆಯರ ಶಿಲ್ಪಕ್ಕೆ ಮೂರು ಮೂರ್ತಿಗಳಿಗೂ ಈಕೆಯೊಬ್ಬಳೇ ಆಧಾರವಾದಳು. ಒಂದೇ ದೇಹ, ಹಲವು ನಾಮಧೇಯಗಳು: ಆಕೆಯ ವೃತ್ತಿಜೀವನದ ಸೂತ್ರವೇ ಇದು.

ಆ ಕಾಲದ ಅಮೆರಿಕದ ನಗರಗಳು ಪ್ಯಾರಿಸ್ಸಿನ ಕಲಾಶಾಲೆಯಿಂದ ಬಂದ ‘ಬೋ-ಆರ್ಟ್ಸ್’ ಶೈಲಿಗೆ ಮಾರುಹೋಗಿದ್ದವು. ನ್ಯಾಯಾಲಯ, ಗ್ರಂಥಾಲಯ, ಸೇತುವೆ, ಯಾವುದನ್ನು ಕಟ್ಟಿದರೂ ಅದರ ನೆತ್ತಿಯ ಮೇಲೋ ದ್ವಾರದ ಪಕ್ಕದಲ್ಲೋ ಒಂದು ಗುಣವನ್ನು ಸ್ತ್ರೀರೂಪದಲ್ಲಿ ನಿಲ್ಲಿಸಬೇಕು. ನಮ್ಮ ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇದು ಅಮೂರ್ತಕ್ಕೆ ಮೂರ್ತವನ್ನು ಆರೋಪಿಸುವ ಕ್ರಮ. ಕಾವ್ಯದಲ್ಲಿ ಆರೋಪಕ್ಕೆ ಪದ ಸಾಕು. ಶಿಲ್ಪದಲ್ಲಿ ಜೀವಂತ ವ್ಯಕ್ತಿಯೊಬ್ಬಳು ಗಂಟೆಗಟ್ಟಲೆ ಅಲುಗದೆ ನಿಲ್ಲಬೇಕು. ಡೇನಿಯಲ್ ಚೆಸ್ಟರ್ ಫ್ರೆಂಚ್, ಅಡಾಲ್ಫ್ ವೈನ್‌ಮನ್, ಅಟಿಲಿಯೊ ಪಿಚಿರಿಲ್ಲಿ ಮೊದಲಾದವರೆಲ್ಲ ಆಕೆಯನ್ನು ಕರೆಸಿಕೊಂಡರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ-ಪೆಸಿಫಿಕ್ ಮಹಾಪ್ರದರ್ಶನದ ಅನೇಕ ಶಿಲ್ಪಗಳಲ್ಲಿ ಕಂಡದ್ದು ಆಕೆಯ ರೂಪವೇ. ಗಾರೆ, ನಾರುಗಳಿಂದ ಮಾಡಿದ ಆ ಶಿಲ್ಪಗಳಲ್ಲಿ ಹೆಚ್ಚಿನವು ಪ್ರದರ್ಶನ ಮುಗಿದ ಮೇಲೆ ಕಟ್ಟಡಗಳೊಡನೆ ನೆಲಸಮವಾದವು.

ಇಲ್ಲಿ ಸಂಶೋಧಕನಿಗೊಂದು ತೊಡಕಿದೆ. ಶಿಲ್ಪಿಯ ಹೆಸರು, ದಾನಿಯ ಹೆಸರು, ಅನಾವರಣದ ದಿನಾಂಕ ಇವೆಲ್ಲ ದಾಖಲೆಯಲ್ಲಿ ಸೇರುತ್ತವೆ. ರೂಪದರ್ಶಿಯ ಹೆಸರು ಸಾಮಾನ್ಯವಾಗಿ ಸೇರುವುದಿಲ್ಲ. ಮ್ಯಾನ್‌ಹಟನ್ನಿನ ಮುನಿಸಿಪಲ್ ಕಟ್ಟಡದ ತುದಿಯಲ್ಲಿ ನಿಂತಿರುವ, ಸುಮಾರು 25 ಅಡಿ ಎತ್ತರದ, ಚಿನ್ನದ ಲೇಪವುಳ್ಳ ‘ಪೌರಕೀರ್ತಿ’ಯನ್ನು ಆಡ್ರಿಯದೆಂದು ಹೇಳುವ ವಾಡಿಕೆಯಿದ್ದರೂ ಅದರ ರೂಪದರ್ಶಿ ಬೇರೊಬ್ಬಳೆಂಬ ವಾದವೂ ಇದೆ. ಪುಲಿಟ್ಜರ್ ಕಾರಂಜಿಯ ಮೇಲಿನ ‘ಪೊಮೋನಾ’ ದೇವತೆಯ ವಿಷಯದಲ್ಲಿಯೂ ಡೋರಿಸ್ ಡಾಷರ್ ಎಂಬ ಮತ್ತೊಬ್ಬ ರೂಪದರ್ಶಿಯ ಹೆಸರು ಕೇಳಿಬರುತ್ತದೆ. ದಿನಗೂಲಿಯ ಲೆಕ್ಕದಲ್ಲಿ ಬಂದುಹೋಗುವವರನ್ನು ಕೃತಿಯ ಪಾಲುದಾರರೆಂದು ಆ ಕಾಲ ಎಣಿಸಲಿಲ್ಲ. ಇಂದಿನ ವಿವಾದಗಳ ಬೇರು ಆ ಅಲಕ್ಷ್ಯದಲ್ಲಿದೆ.

ಮೂಕಚಿತ್ರ ಆಕೆಗೆ ಹೆಸರು ಕೊಟ್ಟಿತು. ಥಾನ್‌ಹೌಸರ್ ಸಂಸ್ಥೆಯ ‘ಇನ್‌ಸ್ಪಿರೇಷನ್’ 1915ರಲ್ಲಿ ತೆರೆಕಂಡಿತು. ಶಿಲ್ಪಿಯ ರೂಪದರ್ಶಿಯಾಗಿ ಆಕೆ ಅದರಲ್ಲಿ ನಗ್ನಳಾಗಿ ಕಾಣಿಸಿಕೊಂಡಳು. ಸಾರ್ವಜನಿಕ ಪ್ರದರ್ಶನದ ಅಮೆರಿಕನ್ ಕಥಾಚಿತ್ರದಲ್ಲಿ ನಾಯಕಿಯೊಬ್ಬಳು ಹೀಗೆ ಕಂಡದ್ದು ಅದೇ ಮೊದಲೆಂಬ ಪ್ರಸಿದ್ಧಿಯಿದೆ. ಅದೇ ವರ್ಷ ಆ ದೇಶದ ಸರ್ವೋಚ್ಚ ನ್ಯಾಯಾಲಯ ಚಲನಚಿತ್ರವು ಬರಿಯ ವ್ಯಾಪಾರ, ವಾಕ್‌ಸ್ವಾತಂತ್ರ್ಯದ ರಕ್ಷಣೆ ಅದಕ್ಕಿಲ್ಲವೆಂದು ತೀರ್ಪಿತ್ತಿತ್ತು. ಸೋಜಿಗವೆಂದರೆ, ಅಭಿನಯ ಬೇಕಾದ ದೃಶ್ಯಗಳಲ್ಲಿ ಆಕೆಯ ಬದಲು ಅವಳನ್ನು ಹೋಲುವ ಜೇನ್ ಥಾಮಸ್ ಎಂಬ ನಟಿಯನ್ನು ಬಳಸಲಾಯಿತು. ಚಲಿಸುವ ಮಾಧ್ಯಮದಲ್ಲಿಯೂ ಆಕೆ ಪ್ರತಿಮೆಯಾಗಿಯೇ ಉಳಿದಳು.

ಮರುವರ್ಷದ ‘ಪ್ಯೂರಿಟಿ’ಯ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಶೇಷ ಕುತೂಹಲದ್ದು. ಬಡ ಕವಿಯೊಬ್ಬನ ಕವನಗಳನ್ನು ಅಚ್ಚು ಹಾಕಿಸಲು ಹಣ ಬೇಕು. ಅವನ ಪ್ರೇಯಸಿ ಗುಟ್ಟಾಗಿ ರೂಪದರ್ಶಿಯಾಗಿ ನಿಂತು ಹಣ ಹೊಂದಿಸುತ್ತಾಳೆ. ಸಂಗತಿ ತಿಳಿದ ಕವಿ ಅವಳನ್ನು ಮೆಚ್ಚುವ ಬದಲು ಬೆಚ್ಚಿಬೀಳುತ್ತಾನೆ. ಕಥೆ ಸರಳ, ಕೊಂಚ ಬಾಲಿಶವೂ ಹೌದು. ಆದರೂ ಆ ಕವಿಯಲ್ಲಿ ಒಂದಿಡೀ ಸಮಾಜ ಅಡಗಿದೆ. 1993ರಲ್ಲಿ ಫ್ರಾನ್ಸಿನಲ್ಲಿ ಇದರ ಪ್ರತಿಯೊಂದು ದೊರೆಯಿತು, ಅಶ್ಲೀಲ ಚಿತ್ರಗಳ ಸಂಗ್ರಹವೊಂದರ ನಡುವೆ. ಆಕೆಯ ಚಿತ್ರಗಳಲ್ಲಿ ಉಳಿದಿರುವುದು ಇದೊಂದೇ.

ಪತನ ಬೇಗ ಬಂತು. ತಾಯಿ ಮಗಳು ಬಾಡಿಗೆಗಿದ್ದ ಮನೆಯ ವೈದ್ಯ ವಾಲ್ಟರ್ ವಿಲ್ಕಿನ್ಸ್ 1919ರಲ್ಲಿ ತನ್ನ ಹೆಂಡತಿಯನ್ನು ಕೊಂದ. ಅಷ್ಟರಲ್ಲಿ ಊರು ಬಿಟ್ಟಿದ್ದ ತಾಯಿ ಮಗಳನ್ನು ಹುಡುಕಿ ವಿಚಾರಿಸಲಾಯಿತು. ಅಪರಾಧದಲ್ಲಿ ಆಕೆಯ ಪಾತ್ರವಿಲ್ಲವೆಂಬುದು ಪತ್ರಿಕೆಗಳಿಗೆ ಮುಖ್ಯವಾಗಲಿಲ್ಲ. ಮರಣದಂಡನೆ ಪಡೆದ ವಿಲ್ಕಿನ್ಸ್ ಸೆರೆಮನೆಯಲ್ಲಿ ನೇಣು ಹಾಕಿಕೊಂಡ. ಕಳಂಕ ಮಾತ್ರ ಆಡ್ರಿಯ ಪಾಲಿಗೆ ಉಳಿಯಿತು. ಜೊತೆಗೆ ಯುದ್ಧಾನಂತರದ ಕಲಾಭಿರುಚಿಗೆ ರೂಪಕಪ್ರತಿಮೆಗಳು ಬೇಡವಾಗಿದ್ದವು. ನನಗನಿಸುವಂತೆ ಎಂಬ ಮಾತನ್ನು ಬದಿಗಿಟ್ಟು ನೋಡಿದರೂ, ಕೊಲೆ ಪ್ರಕರಣ ನಡೆಯದಿದ್ದರೂ ಆಕೆಯ ಕೆಲಸ ಕ್ಷೀಣಿಸುತ್ತಲೇ ಇದ್ದಿತು. 1921ರಲ್ಲಿ ಆಕೆಯ ಹೆಸರಿನಲ್ಲಿ ಬಂದ ಲೇಖನಮಾಲೆಯಲ್ಲಿ, ವಯಸ್ಸು ಕಳೆದ ರೂಪದರ್ಶಿಯರು ಏನಾಗುತ್ತಾರೆಂಬ ಪ್ರಶ್ನೆಯೂ ಏಳುತ್ತದೆ. ಮರುವರ್ಷ ಆಕೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದಳು.

1931ರ ಜೂನ್ 8, ಆಕೆಯ ನಲವತ್ತನೆಯ ಹುಟ್ಟುಹಬ್ಬ. ಅಂದು ತಾಯಿಯ ಕೋರಿಕೆಯ ಮೇರೆಗೆ ನ್ಯಾಯಾಧೀಶರು ಆಕೆಯನ್ನು ಆಗ್ಡೆನ್ಸ್‌ಬರ್ಗಿನ ಸೇಂಟ್ ಲಾರೆನ್ಸ್ ಮಾನಸಿಕ ಆಸ್ಪತ್ರೆಗೆ ಸೇರಿಸಲು ಆದೇಶಿಸಿದರು. ದಶಕಗಳ ಕಾಲ ಯಾರೂ ನೋಡಲು ಬರಲಿಲ್ಲ. 1984ರಲ್ಲಿ ಬಂಧುವೊಬ್ಬರು ಹುಡುಕಿಕೊಂಡು ಹೋದಾಗ ಆಕೆಗೆ 93 ವರ್ಷ. 1996ರಲ್ಲಿ, 104ನೆಯ ವಯಸ್ಸಿನಲ್ಲಿ ತೀರಿಕೊಂಡವಳನ್ನು ನ್ಯೂ ಹೇವನ್ ಎಂಬ ಹಳ್ಳಿಯಲ್ಲಿ, ತಂದೆಯ ಕುಟುಂಬದ ಸ್ಥಳದಲ್ಲಿ ಮಣ್ಣು ಮಾಡಿದರು. ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲೊಂದು ಬಂದದ್ದು 2016ರಲ್ಲಿ.