ಆಟಕ್ಕೂ ಪಗಾರ ಕೇಳಿದವರು

ನಮ್ಮ ಪಿಂಪಳಗಾಂವ್ ಬಸವಂತ್‌ನಲ್ಲಿ ದ್ರಾಕ್ಷಿ, ಟೊಮೇಟೊ, ಈರುಳ್ಳಿ ರೇಟು ಬಿಟ್ಟರೆ ಜನ ಮಾತಾಡೋದು ಕ್ರಿಕೆಟ್ ಬಗ್ಗೆ. ಕಬಡ್ಡಿಗೂ ಒಂದಿಷ್ಟು ಮರ್ಯಾದೆ ಇದೆ. ರಗ್ಬಿ ಅಂದರೆ ಮಾತ್ರ "ಅದೇ, ಮೊಟ್ಟೆ ಥರದ ಚೆಂಡು ಅವುಚಿಕೊಂಡು ಒಬ್ಬರ ಮೇಲೊಬ್ಬರು ಬೀಳ್ತಾರಲ್ಲ" ಅನ್ನುವಷ್ಟೇ ತಿಳಿವಳಿಕೆ. ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ದ್ರಾಕ್ಷಿ ಬೆಳೆಗಾರರೊಬ್ಬರು ಬೆಳೆ ಸಾಲದ ಕೆಲಸ ಮುಗಿಸಿ ಎದ್ದವರು ಮತ್ತೆ ಕೂತು ಕೇಳಿದರು: "ಸಾಹೇಬ್, ಮಗ ಪುಣೆಯಲ್ಲಿ ಓದ್ತಾ ರಗ್ಬಿ ಕಲಿತಿದ್ದಾನೆ. ಹೊರದೇಶದ ಕ್ಲಬ್ಬಿಗೆ ಆಡೋಕೆ ಹೋಗ್ತೀನಿ ಅಂತಾನೆ. ಎಜುಕೇಶನ್ ಲೋನ್ ಸಿಗತ್ತಾ?" ಅದಕ್ಕೆ ಕಾಲೇಜಿನ ಅಡ್ಮಿಶನ್ ಪತ್ರ ಬೇಕು ಭಾವೂ, ಆಟಕ್ಕೆ ಬರೋದಿಲ್ಲ ಅಂದೆ. ಅವರ ಎರಡನೇ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಸರ್ಕ್ಯುಲರ್ ಇರಲಿಲ್ಲ. "ಆಟ ಆಡಿದ್ದಕ್ಕೆ ನಿಜವಾಗ್ಲೂ ಪಗಾರ ಕೊಡ್ತಾರಾ?"

ಕೊಡುತ್ತಾರೆ. ಆದರೆ ಆ ಪಗಾರ ಸುಮ್ಮನೆ ಬಂದದ್ದಲ್ಲ. ಅದಕ್ಕಾಗಿ ರಗ್ಬಿ ಆಟವೇ ಒಡೆದು ಎರಡು ಹೋಳಾಯಿತು. ಅದೇ ಜಗಳದ ಊರುಗಳ ಆಸುಪಾಸಿಗೆ ನಮ್ಮ ಕ್ರಿಕೆಟ್ ಆಟಗಾರರೂ ಹಡಗು ಹತ್ತಿ ಹೋಗಿ ಸಂಬಳಕ್ಕೆ ಆಡಿದರು. ಬಿ.ಕಾಂ. ಓದಿದ ನನಗೆ ಇದು ಲೆಕ್ಕದ ಇತಿಹಾಸದ ಹಾಗೇ ಕಂಡಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಬ್ಯಾಂಕಿನವರಿಗೆ ಖುಷಿ ಕೊಡುವ ಒಂದು ಸಂಗತಿ. ಇಂಗ್ಲೆಂಡ್-ಸ್ಕಾಟ್ಲೆಂಡ್ ರಗ್ಬಿ ತಂಡಗಳು ಪ್ರತಿ ವರ್ಷ ಗುದ್ದಾಡುವುದು 'ಕಲ್ಕತ್ತಾ ಕಪ್'ಗಾಗಿ. 1873ರಲ್ಲಿ ಕಲ್ಕತ್ತೆಯ ಬಿಳಿಯರು ಕಟ್ಟಿಕೊಂಡ ರಗ್ಬಿ ಕ್ಲಬ್ಬು ಐದಾರು ವರ್ಷದಲ್ಲೇ ಸೊರಗಿತು. ಉಳಿದ ಸದಸ್ಯರು ಖಾತೆ ಕ್ಲೋಸ್ ಮಾಡಿ, ಬ್ಯಾಲೆನ್ಸನ್ನು ಬೆಳ್ಳಿ ರೂಪಾಯಿಗಳಲ್ಲೇ ಪಡೆದು, ಅದನ್ನು ಕರಗಿಸಿ ಕಪ್ ಮಾಡಿಸಿ 1878ರಲ್ಲಿ ಲಂಡನ್ನಿನ ರಗ್ಬಿ ಯೂನಿಯನ್ನಿಗೆ ಕೊಟ್ಟರು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರ ಮಾರ್ಚಿನಲ್ಲಿ ಎಡಿನ್‌ಬರೋದಲ್ಲಿ ಅದಕ್ಕಾಗಿ ನಡೆದ ಮೊದಲ ಪಂದ್ಯ ಡ್ರಾ ಆಯಿತು. ಖಾತೆ ಮುಚ್ಚಲು ಬರುವ ಯಾವ ಗ್ರಾಹಕನೂ ಇಷ್ಟು ಚಂದದ ಕಾರಣ ಹೇಳಿದ್ದನ್ನು ನಾನು ಕೇಳಿಲ್ಲ! ಅಂತೂ ಆ ಆಟದ ಅತ್ಯಂತ ಹಳೆಯ ಅಂತರರಾಷ್ಟ್ರೀಯ ಕಪ್ಪಿನಲ್ಲಿರುವುದು ನಮ್ಮ ದೇಶದ ಬೆಳ್ಳಿ. ಆಟ ಮಾತ್ರ ನಮ್ಮಲ್ಲಿ ದಂಡಿನ ಮೈದಾನ ಮತ್ತು ಜಿಮ್‌ಖಾನಾಗಳ ಬೇಲಿಯೊಳಗೇ ಉಳಿಯಿತು.

ಅದಿರಲಿ, ಪಗಾರದ ವಿಷಯಕ್ಕೆ ಬರೋಣ. 1871ರಲ್ಲಿ ಲಂಡನ್ನಿನಲ್ಲಿ ರಗ್ಬಿ ಯೂನಿಯನ್ ಹುಟ್ಟಿದಾಗ ಅದರಲ್ಲಿದ್ದವರು ದೊಡ್ಡ ಶಾಲೆಗಳಲ್ಲಿ ಓದಿದ ಅನುಕೂಲಸ್ಥರು. ಆಟವನ್ನು ಆಟಕ್ಕಾಗಿ ಆಡಬೇಕು, ದುಡ್ಡು ಮುಟ್ಟಬಾರದು ಅನ್ನುವುದು ಅವರ ನಿಯಮ. ಕೇಳಲು ಬಹಳ ಚಂದ. ಆದರೆ ಉತ್ತರದ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳಲ್ಲಿ ರಗ್ಬಿ ಆಡುತ್ತಿದ್ದವರು ಬಟ್ಟೆ ಗಿರಣಿಯ, ಕಲ್ಲಿದ್ದಲು ಗಣಿಯ ಕೂಲಿಗಳು. ಅವರಿಗೆ ಶನಿವಾರ ಮಧ್ಯಾಹ್ನದವರೆಗೂ ಕೆಲಸ. ದೂರದ ಊರಿನಲ್ಲಿ ಮ್ಯಾಚ್ ಇದ್ದರೆ ಅರ್ಧ ದಿನದ ಕೂಲಿ ಹೋಯಿತು. ಪೆಟ್ಟು ಬಿದ್ದರೆ ವಾರದ ಕೂಲಿಯೂ ಹೋಯಿತು. ಸಂಬಳ ಬೇಡ, ಆಟದಿಂದ ತಪ್ಪಿದ ಕೂಲಿಯನ್ನಾದರೂ ತುಂಬಿಕೊಡಿ ಅಂತ ಅವರು ಕೇಳಿದ್ದು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ 'ಲಾಸ್ ಆಫ್ ಪೇ' ಕೊಡಿ ಅಂತ.

1893ರ ಮಹಾಸಭೆಯಲ್ಲಿ ಈ ಬೇಡಿಕೆ ಮತಕ್ಕೆ ಬಂತು. ಪರವಾಗಿ 136, ವಿರುದ್ಧವಾಗಿ 282. ಬಿದ್ದುಹೋಯಿತು. 1895ರ ಆಗಸ್ಟ್ 29ರಂದು ಉತ್ತರದ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳ ಪ್ರತಿನಿಧಿಗಳು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆ ಸಂಸ್ಥೆಯನ್ನೇ ಕಟ್ಟಿದರು. ಅದು ನಾರ್ದರ್ನ್ ಯೂನಿಯನ್, ಇವತ್ತಿನ 'ರಗ್ಬಿ ಲೀಗ್'. ತಪ್ಪಿದ ಕೂಲಿಗೆ ದಿನಕ್ಕೆ ಆರು ಶಿಲ್ಲಿಂಗ್ ಅಂತ ಗೊತ್ತು ಮಾಡಿದರು. 1898ರಲ್ಲಿ ಪೂರ್ತಿ ಸಂಬಳಕ್ಕೂ ಒಪ್ಪಿದರು, ಆದರೆ ಆಟಗಾರನಿಗೆ ಬೇರೆ ಒಂದು ಕೆಲಸ ಇರಲೇಬೇಕು ಅನ್ನುವ ಷರತ್ತಿನ ಮೇಲೆ. ಈ ಷರತ್ತು ನನಗೆ ಬಹಳ ಹಿಡಿಸಿತು. "ಮೊದಲು ಡಿಗ್ರಿ ಮುಗಿಸು, ಆಮೇಲೆ ಏನಾದರೂ ಮಾಡ್ಕೋ" ಅನ್ನುವ ನಮ್ಮ ಅಪ್ಪಂದಿರೇ ಬರೆದ ಹಾಗಿದೆ. ಆದರೆ ಏಳೇ ವರ್ಷದಲ್ಲಿ ಅದನ್ನು ಕೈಬಿಟ್ಟರು.

ಈ ಸುದ್ದಿ ಭೂಮಿಯ ಇನ್ನೊಂದು ತುದಿಯಲ್ಲಿದ್ದ ಒಬ್ಬ ಗುಮಾಸ್ತನನ್ನು ಎಬ್ಬಿಸಿತು. ಆಲ್ಬರ್ಟ್ ಬ್ಯಾಸ್ಕರ್‌ವಿಲ್, ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಅಂಚೆ ಕಚೇರಿಯಲ್ಲಿ ಕ್ಲರ್ಕ್. ತಾನೂ ರಗ್ಬಿ ಆಡುತ್ತಿದ್ದ, ಆ ಆಟದ ಬಗ್ಗೆ ಪುಸ್ತಕವನ್ನೂ ಬರೆದಿದ್ದ. ನ್ಯೂಜಿಲೆಂಡ್ ತಂಡ 1905ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದಾಗ ಸಾವಿರಾರು ಜನ ಟಿಕೆಟ್ ಕೊಂಡು ನೋಡಿದ್ದರು, ಆಡಿದವರಿಗೆ ಸಿಕ್ಕಿದ್ದು ಕೈಖರ್ಚಿನ ಕಾಸು. ಆಟಗಾರರೇ ಬಂಡವಾಳ ಹಾಕಿ, ಲಾಭ ಬಂದರೆ ತಾವೇ ಹಂಚಿಕೊಂಡರೆ ಹೇಗೆ ಅಂತ ಇವನ ತಲೆಗೆ ಬಂತು. ನಾರ್ದರ್ನ್ ಯೂನಿಯನ್ನಿಗೆ ಪತ್ರ ಬರೆದ, ಒಪ್ಪಿಗೆ ಬಂತು. ಆಟಗಾರರು ತಲಾ 50 ಪೌಂಡ್ ಹಾಕಿದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ, ಮನೆಯಲ್ಲಿ ಅಳೆದು ಸುರಿದೇ ಕೊಟ್ಟಿರಬೇಕು. ಊರಿನ ರಗ್ಬಿ ಸಂಸ್ಥೆ ಹೊರಟವರಿಗೆಲ್ಲ ಆಜೀವ ನಿಷೇಧ ಹಾಕಿತು. ಸಿಡ್ನಿಯ ಪತ್ರಿಕೆಗಳು 'ಆಲ್ ಬ್ಲ್ಯಾಕ್ಸ್' ಹೆಸರನ್ನು ತಿರುಚಿ 'ಆಲ್ ಗೋಲ್ಡ್ಸ್' ಅಂತ, ಅಂದರೆ ಬಂಗಾರದ ಆಸೆಬುರುಕರು ಅಂತ, ಹಂಗಿಸಿದವು.

1907ರ ಅಕ್ಟೋಬರಿನಿಂದ ಅವರು ಇಂಗ್ಲೆಂಡಿನ ಉತ್ತರದ ಊರುಗಳನ್ನೆಲ್ಲ ಸುತ್ತಿ ಆಡಿದರು. ಟೆಸ್ಟ್ ಸರಣಿಯನ್ನು 2-1ರಿಂದ ಗೆದ್ದರು, ಲಾಭವೂ ಬಂತು, ಹಂಚಿಕೊಂಡರು. ಲ್ಯಾನ್ಸ್ ಟಾಡ್ ವಿಗನ್ ಕ್ಲಬ್ಬಿಗೆ, ಜಾರ್ಜ್ ಸ್ಮಿತ್ ಓಲ್ಡ್‌ಹ್ಯಾಮ್ ಕ್ಲಬ್ಬಿಗೆ ಸಹಿ ಹಾಕಿದರು. ದೂರದ ದೇಶದಿಂದ ಬಂದು ರಗ್ಬಿಯಿಂದ ಜೀವನ ಕಟ್ಟಿಕೊಂಡ ಮೊದಲಿಗರಲ್ಲಿ ಇವರೂ ಸೇರಿದ್ದಾರೆ. ಎಲ್ಲವನ್ನೂ ಶುರು ಮಾಡಿದ ಬ್ಯಾಸ್ಕರ್‌ವಿಲ್ ಮಾತ್ರ ಊರು ಮುಟ್ಟಲಿಲ್ಲ. ವಾಪಸ್ ಬರುವಾಗ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನ್ಯುಮೋನಿಯಾ ಆಗಿ 1908ರ ಮೇ ತಿಂಗಳಲ್ಲಿ ತೀರಿಕೊಂಡ. ವಯಸ್ಸು 25. ಮುಂದಿನ ತಿಂಗಳು ವೆಲ್ಲಿಂಗ್ಟನ್‌ನಲ್ಲಿ ಒಂದು ಪಂದ್ಯ ಇಟ್ಟರು, ನ್ಯೂಜಿಲೆಂಡಿನ ನೆಲದಲ್ಲಿ ರಗ್ಬಿ ಲೀಗ್ ನಿಯಮದ ಮೊದಲ ಪಂದ್ಯ ಅದು. ಅದರ ಹಣ ಹೋಗಿದ್ದು ಅವನ ವಿಧವೆ ತಾಯಿಗೆ. ಈ ಭಾಗ ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಈಗ ನಮ್ಮವರ ಕಡೆ ತಿರುಗೋಣ. ಲ್ಯಾಂಕಶೈರಿನ ಗಿರಣಿ ಊರುಗಳಿಗೆ ಬೇಸಿಗೆಯಲ್ಲಿ ಕ್ರಿಕೆಟ್ ಹುಚ್ಚು. ಅಲ್ಲಿನ ಲ್ಯಾಂಕಶೈರ್ ಲೀಗಿನಲ್ಲಿ ಪ್ರತಿ ಕ್ಲಬ್ಬಿಗೆ ಸಂಬಳದ ಆಟಗಾರ ಒಬ್ಬನೇ, ಉಳಿದವರೆಲ್ಲ ಊರಿನವರು. ಆ ಒಬ್ಬನೇ ಬ್ಯಾಟು, ಬೌಲು ಎರಡೂ ಮಾಡಬೇಕು, ಊರ ಹುಡುಗರಿಗೆ ಕಲಿಸಬೇಕು. ಐವತ್ತು ಹೊಡೆದರೆ ಪ್ರೇಕ್ಷಕರ ನಡುವೆ ಡಬ್ಬಿ ತಿರುಗಿಸಿ ಬಂದ ಚಿಲ್ಲರೆಯನ್ನು ಅವನಿಗೆ ಕೊಡುತ್ತಿದ್ದರು. ವೆಸ್ಟ್ ಇಂಡೀಸಿನ ಲಿಯರಿ ಕಾನ್‌ಸ್ಟಂಟೈನ್ 1929ರಿಂದ 1937ರವರೆಗೆ ನೆಲ್ಸನ್ ಅನ್ನುವ ಊರಿಗೆ ಆಡಿದರು, ಆ ಒಂಬತ್ತು ಸೀಸನ್ನಿನಲ್ಲಿ ನೆಲ್ಸನ್ ಏಳು ಸಲ ಗೆದ್ದಿತು. ನಮ್ಮ ಜಾಮನಗರದ ಅಮರ್ ಸಿಂಗ್ ಕೋಲ್ನ್ ಕ್ಲಬ್ಬಿಗೆ, ಲಾಲಾ ಅಮರನಾಥ್ ನೆಲ್ಸನ್ನಿಗೆ ಆಡಿದರು. ನಮ್ಮ ಗಡಿಗೆ ಅಂಟಿಕೊಂಡ ಸಾಂಗಲಿಯಲ್ಲಿ ಹುಟ್ಟಿದ ವಿಜಯ್ ಹಜಾರೆ ರಾಟನ್‌ಸ್ಟಾಲ್ ಕ್ಲಬ್ಬಿಗೆ ಆಡಿದರು. ದೇಶಕ್ಕಾಗಿ ಆಡಿದರೆ ಆಗ ಹೊಟ್ಟೆ ತುಂಬುತ್ತಿರಲಿಲ್ಲ.

1952ರ ವಿನೂ ಮಂಕಡ್ ಪ್ರಕರಣ ಇದಕ್ಕೆ ಸಾಕ್ಷಿ. ಆ ವರ್ಷ ಭಾರತ ತಂಡ ಇಂಗ್ಲೆಂಡಿಗೆ ಹೋಗಬೇಕಿತ್ತು, ನಾಯಕ ಇದೇ ಹಜಾರೆ. ಹ್ಯಾಸ್ಲಿಂಗ್ಡನ್ ಕ್ಲಬ್ಬು ಮಂಕಡ್‌ಗೆ ಕರಾರು ಪತ್ರ ಇಟ್ಟಿತ್ತು. ನನ್ನನ್ನು ತಂಡಕ್ಕೆ ಆರಿಸುತ್ತೀರಿ ಅಂತ ಖಾತ್ರಿ ಕೊಟ್ಟರೆ ಇದನ್ನು ಬಿಡುತ್ತೇನೆ ಅಂತ ಅವರು ಮಂಡಳಿಗೆ ಹೇಳಿದರು. ಖಾತ್ರಿ ಸಿಗಲಿಲ್ಲ. ಕೈಯಲ್ಲಿದ್ದ ಕರಾರಿಗೆ ಸಹಿ ಹಾಕಿದರು. ಲೀಡ್ಸ್‌ನ ಮೊದಲ ಟೆಸ್ಟಿನ ಎರಡನೇ ಇನಿಂಗ್ಸಿನಲ್ಲಿ ಭಾರತ ಸೊನ್ನೆಗೆ ನಾಲ್ಕು ವಿಕೆಟ್ ಕಳೆದುಕೊಂಡಿತು. ಆಗ ಮಂಡಳಿಯವರು ಹ್ಯಾಸ್ಲಿಂಗ್ಡನ್ನಿಗೆ ಹೋಗಿ ಮಂಕಡ್‌ರನ್ನು ಬಿಟ್ಟುಕೊಡಿ ಅಂತ ಕೇಳಬೇಕಾಯಿತು! ಲಾರ್ಡ್ಸ್‌ನಲ್ಲಿ ಅವರು 72 ಮತ್ತು 184 ಹೊಡೆದರು, ಒಂದೇ ಇನಿಂಗ್ಸಿನಲ್ಲಿ 73 ಓವರ್ ಹಾಕಿ ಐದು ವಿಕೆಟ್ ತೆಗೆದರು. ಭಾರತ ಸೋತರೂ ಅದನ್ನು ಇವತ್ತಿಗೂ 'ಮಂಕಡ್ ಟೆಸ್ಟ್' ಅನ್ನುತ್ತಾರೆ. ಮಂಕಡ್ ದುಡ್ಡಿನ ಹಿಂದೆ ಬಿದ್ದರು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಅವರು ಕೇಳಿದ್ದು ಒಂದು ಖಾತ್ರಿ ಮಾತ್ರ.

ಕನ್ನಡಿಗರ ಪಾಲಿಗೆ ದೊಡ್ಡ ವರ್ಷ 1995. ಕಾಸರಗೋಡಿನ ಕುಂಬಳೆ ಊರನ್ನು ಹೆಸರಲ್ಲೇ ಹೊತ್ತ ಅನಿಲ್ ಕುಂಬ್ಳೆ ಆ ಬೇಸಿಗೆ ನಾರ್ಥಾಂಪ್ಟನ್‌ಶೈರ್ ಕೌಂಟಿಗೆ ಆಡಿ 105 ವಿಕೆಟ್ ಪಡೆದರು. ಆ ಸೀಸನ್ನಿನಲ್ಲಿ ನೂರು ದಾಟಿದ್ದು ಅವರೊಬ್ಬರೇ. ಮೈಸೂರಿನ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರಿಗೆ 87 ವಿಕೆಟ್ ತೆಗೆದರು. ಆಗ ಒಂದು ಕೌಂಟಿಗೆ ಹೊರದೇಶದವನು ಒಬ್ಬನೇ, ಆ ಎರಡು ಜಾಗಗಳಲ್ಲಿ ನಮ್ಮ ಇಬ್ಬರು. ಕುಂಬ್ಳೆಗೆ 24, ಶ್ರೀನಾಥ್‌ಗೆ 25. ಅದೇ ಆಗಸ್ಟ್ ಕೊನೆಯ ವಾರ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ರಗ್ಬಿ ಮಂಡಳಿ ಸೇರಿ, ಹದಿನೈದು ಜನರ ಹಳೆಯ ರಗ್ಬಿಯಲ್ಲೂ ಇನ್ನು ಮುಂದೆ ಸಂಬಳ ಕೊಡಬಹುದು ಅಂತ ಘೋಷಿಸಿತು. ಜಾರ್ಜ್ ಹೋಟೆಲಿನ ಸಭೆಗೆ ಆ ವಾರ ಸರಿಯಾಗಿ ನೂರು ವರ್ಷ. ಕೂಲಿಕಾರರು ಕೇಳಿದ್ದನ್ನು ಸಾಹೇಬರು ಒಪ್ಪಲು ಒಂದು ಶತಮಾನ ಹಿಡಿಯಿತು.

ನಮ್ಮಲ್ಲಿ ಆಟಗಾರನ ಹೊಟ್ಟೆಪಾಡಿಗೆ ಬೇರೆ ದಾರಿ ಇತ್ತು ಅನ್ನಿ. ಬ್ಯಾಂಕು, ರೈಲ್ವೆ, ಪೊಲೀಸು. ಅಜಿತ್ ವಾಡೇಕರ್, ನಮ್ಮ ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿದ್ದವರು. ವೆಂಕಟೇಶ್ ಪ್ರಸಾದ್ ಕೆನರಾ ಬ್ಯಾಂಕಿನಲ್ಲಿದ್ದರು. ಕೌಂಟರಿನ ಹಿಂದೆ ಸಂಬಳ, ಮೈದಾನದಲ್ಲಿ ಆಟ. ಕೆಲವರು ಇದನ್ನು ಲೇವಡಿ ಮಾಡುತ್ತಾರೆ. ಆದರೆ ಮೂಗುಮೂಳೆ ಮುರಿಯುವ ಆಟದಲ್ಲಿ, ಮುರಿದ ಮರುದಿನವೂ ಪಗಾರ ಬರುತ್ತೆ ಅನ್ನುವುದು ಸಣ್ಣ ಮಾತಲ್ಲ.

ಇವತ್ತು ರಗ್ಬಿಗಾಗಿ ಅತಿ ಹೆಚ್ಚು ಊರು ಬಿಡುತ್ತಿರುವವರು ಫಿಜಿ, ಸಮೋವಾ, ಟೋಂಗಾ ದ್ವೀಪಗಳ ಹುಡುಗರು. ಫ್ರಾನ್ಸಿನ ಕ್ಲೆರ್ಮೋಂ ಕ್ಲಬ್ಬು ಫಿಜಿಯಿಂದ ಎಳೆಯ ಹುಡುಗರನ್ನೇ ಕರೆಸಿಕೊಂಡಿತು. ಹಾಗೆ ಹೋದ ಅಲಿವೆರೆಟಿ ರಾಕಾ 2019ರಲ್ಲಿ ಫ್ರಾನ್ಸ್ ದೇಶದ ತಂಡಕ್ಕೇ ಆಡಿದ. ಆ ಥರ ಗೆದ್ದವರ ಫೋಟೋ ಪೇಪರಿನಲ್ಲಿ ಬರುತ್ತದೆ. ಕರಾರು ಮುಗಿದು, ಭಾಷೆ ಬಾರದ ಊರಲ್ಲಿ ಮಂಡಿ ಮುರಿದುಕೊಂಡು ಕೂತವರದು ಬರುವುದಿಲ್ಲ. ಸಮೋವಾ ತಂಡದ ಹಳೆಯ ಆಟಗಾರ ಡ್ಯಾನ್ ಲಿಯೊ ಇಂಥವರಿಗಾಗಿಯೇ ಒಂದು ಸಂಸ್ಥೆ ಕಟ್ಟಿದ್ದಾರೆ.

ದ್ರಾಕ್ಷಿ ಬೆಳೆಗಾರರಿಗೆ ನಾನು ಹೇಳಿದ್ದೂ ಇದನ್ನೇ. ನಿಮ್ಮ ದ್ರಾಕ್ಷಿ ಯುರೋಪಿಗೆ ಹೋಗುವಾಗ ಔಷಧಿ ಅಂಶದ ಪರೀಕ್ಷೆ, ಪ್ಯಾಕಿಂಗ್, ಕಾಗದ ಪತ್ರ ಎಷ್ಟೆಲ್ಲ ನೋಡ್ತೀರಿ, ಮಾಲು ತಿರಸ್ಕಾರವಾದರೆ ನಷ್ಟ ಯಾರದು ಅಂತ ಮೊದಲೇ ಕೇಳ್ತೀರಿ. ಮಗನ ಕರಾರಿನಲ್ಲೂ ಅದನ್ನೇ ಕೇಳಿ. ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಪೆಟ್ಟಾದ ತಿಂಗಳುಗಳ ಪಗಾರ ಬರುತ್ತಾ, ಕ್ಲಬ್ಬು ಬೇಡ ಅಂದರೆ ವೀಸಾ ಗತಿ ಏನು, ವಾಪಸ್ ಟಿಕೆಟ್ ಯಾರು ತೆಗೆಸ್ತಾರೆ. ಮುಂಗಡ ಕಟ್ಟಿಸಿಕೊಂಡು ಕ್ಲಬ್ ಸೇರಿಸ್ತೀನಿ ಅನ್ನುವ ಏಜೆಂಟ್ ಬಂದರೆ ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿ.

ನಮ್ಮ ದೇಶದ ತಂಡ ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ಆಡಿದ್ದೇ 1998ರಲ್ಲಿ, ಸಿಂಗಾಪುರದ ಎದುರು. 2019ರಲ್ಲಿ ನಮ್ಮ ಹೆಣ್ಣುಮಕ್ಕಳು ಅದೇ ಸಿಂಗಾಪುರವನ್ನು 21-19ರಿಂದ ಸೋಲಿಸಿ ಹದಿನೈದು ಜನರ ಆಟದಲ್ಲಿ ಮೊದಲ ಗೆಲುವು ಕಂಡರು. 2025ರ ಜೂನ್ ತಿಂಗಳಲ್ಲಿ ಮುಂಬಯಿಯ ಅಂಧೇರಿಯಲ್ಲಿ ಏಳು ಜನರ ಆಟದ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡ, ಅದರಲ್ಲೊಂದು ಬೆಂಗಳೂರು ಬ್ರೇವ್‌ಹಾರ್ಟ್ಸ್. ಗೆದ್ದದ್ದು ಚೆನ್ನೈ ಬುಲ್ಸ್. ಫಿಜಿ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದ ಹುಡುಗರು ಮಳೆಗಾಲದ ಮುಂಬಯಿಗೆ ವಿಮಾನ ಹತ್ತಿ ಬಂದು, ನಮ್ಮ ಹುಡುಗರ ಜೊತೆ ಒಂದೇ ತಂಡದಲ್ಲಿ ಪಗಾರಕ್ಕೆ ಆಡಿ ಹೋದರು.