ಕೈಗೆ ಬಂದ ಜಾಸ್ತಿ ಸಂಬಳ: 200 ವರ್ಷದ ಜಗಳ

ಭಾಗ 1

ಕೆಲಸ ಬಿಟ್ಟು ಒಂದು ತಿಂಗಳಾದ ಮೇಲೂ ಹಳೇ ಕಂಪನಿಯಿಂದ ಸಂಬಳ ಬಂತು ಅಂತ ಇಟ್ಕೊಳ್ಳಿ. ಏನ್ ಮಾಡ್ತೀರ?

ನಂಗೆ ಹಾಗೇ ಆಯ್ತು. ಬಿಕಾಂ ಜೊತೆಗೆ ಸಂಜೆ ಹೊತ್ತು ಒಂದು ಕಡೆ ಬಿಲ್ ಎಂಟ್ರಿ ಕೆಲಸಕ್ಕೆ ಹೋಗ್ತಿದ್ದೆ. ತಿಂಗಳಿಗೆ 10,000. ಪಿಎಫ್ 1,200, ಇಎಸ್‌ಐ 75 ಹಿಡಿದು ಕೈಗೆ 8,725. ಪರೀಕ್ಷೆ ಹತ್ರ ಬಂತು ಅಂತ ಒಂದು ತಿಂಗಳು ಮೊದಲೇ ಹೇಳಿ ಮಾರ್ಚ್ 31ಕ್ಕೆ ಬಿಟ್ಟೆ. ಏಪ್ರಿಲ್‌ನಲ್ಲಿ ಮಾರ್ಚ್ ಸಂಬಳ ಬಂತು, ಸರಿ. ಮೇ 7ಕ್ಕೆ ಮತ್ತೆ 8,725 ಬಂತು. ಮೆಸೇಜ್ ನೋಡಿದ್ದು ಬಸ್ಸಲ್ಲಿ. ಸುಳ್ಳು ಹೇಳಲ್ಲ, ನನ್ನ ದುಡ್ಡಲ್ಲ ಅಂತ ಆಗಲೇ ಅನ್ನಿಸಿತ್ತು. ಆದ್ರೆ ‘ಫೈನಲ್ ಸೆಟಲ್‌ಮೆಂಟ್ ಇರಬಹುದು’ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಪರೀಕ್ಷೆ ಫೀಸು ಕಟ್ಟಿದೆ, ಅಮ್ಮನಿಗೆ ಕನ್ನಡಕ ಮಾಡಿಸಿದೆ, ಉಳಿದದ್ದು ಹೇಗೋ ಹೋಯ್ತು.

ಜುಲೈನಲ್ಲಿ ಎಚ್‌ಆರ್ ಮೇಡಂ ಫೋನು. “ನೋಡಪ್ಪ, ಸಿಸ್ಟಮ್‌ನಲ್ಲಿ ನಿನ್ನ ಹೆಸರು ತೆಗೆದಿರಲಿಲ್ಲ. 13,500 ವಾಪಸ್ ಹಾಕ್ಬೇಕು, ಮೂರು ದಿನ ಟೈಮು. ಇಲ್ಲಾಂದ್ರೆ ಎಕ್ಸ್‌ಪೀರಿಯನ್ಸ್ ಲೆಟರ್ ಸಿಗಲ್ಲ.”

ಬಂದಿದ್ದು 8,725, ಕೇಳ್ತಿರೋದು 13,500! ಅವತ್ತು ರಾತ್ರಿ ನಾನು ಮಾಡಿದ ಮೊದಲನೇ ಕೆಲಸ ಎರಡನೇ ಸೆಮ್ ಬಿಸಿನೆಸ್ ಲಾ ಪುಸ್ತಕ ತೆಗೆದಿದ್ದು. ಕೊಡದೇ ಇರೋಕೆ ಒಂದು ದಾರಿ ಸಿಗುತ್ತೇನೋ ಅನ್ನೋ ಆಸೆ. ಅಲ್ಲಿಂದ ಶುರುವಾಗಿ ಎಲ್ಲೆಲ್ಲಿಗೋ ಹೋದೆ. ಈ ಸರಣಿ ಅದರ ಕಥೆ.

ಭಾಗ 2

ಕಾಮರ್ಸ್ ಓದಿದವರಿಗೆಲ್ಲ ನೆನಪಿರುತ್ತೆ, 1872ರ ಭಾರತೀಯ ಕರಾರು ಕಾಯ್ದೆ. ಅದರಲ್ಲಿ 68ರಿಂದ 72ರವರೆಗಿನ ಐದು ಸೆಕ್ಷನ್‌ಗಳು ಕ್ವಾಸಿ ಕಾಂಟ್ರ್ಯಾಕ್ಟ್, ಅಂದ್ರೆ ಕರಾರೇ ಇಲ್ಲದಿದ್ದರೂ ಕರಾರು ಇದ್ದ ಹಾಗೆ ನೋಡುವ ಸಂಬಂಧಗಳು. ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರುತ್ತೆ, ಬರೆದು ಮರೀತೀವಿ. ಕೊನೆಯದು ಸೆಕ್ಷನ್ 72: ತಪ್ಪಿನಿಂದಲೋ ಬಲವಂತದಿಂದಲೋ ಯಾರಿಗಾದರೂ ಹಣ ಹೋದರೆ, ಪಡೆದವನು ಅದನ್ನು ಹಿಂದಿರುಗಿಸಬೇಕು. ಅಷ್ಟೇ. ‘ಕೊಟ್ಟವನ ಅಜಾಗರೂಕತೆ ಇದ್ದರೆ ಬೇಡ’ ಅಂತಿಲ್ಲ, ‘ಖರ್ಚಾಗಿದ್ದರೆ ಬಿಡಿ’ ಅಂತಾನೂ ಇಲ್ಲ.

ಈ ಜಗಳ ಈ ಕಾಯ್ದೆಗಿಂತ ಹಳೇದು. ಇಂಗ್ಲೆಂಡಿನಲ್ಲಿ 1825ರಲ್ಲಿ ಒಂದು ಕೇಸು ತೀರ್ಮಾನ ಆಯ್ತು, ಸ್ಕೈರಿಂಗ್ ವಿರುದ್ಧ ಗ್ರೀನ್‌ವುಡ್. ಸ್ಕೈರಿಂಗ್ ಫಿರಂಗಿ ದಳದ ಮೇಜರ್. ಗ್ರೀನ್‌ವುಡ್ ಮತ್ತು ಅವನ ಪಾಲುದಾರ ಸೈನ್ಯದವರ ಸಂಬಳದ ಲೆಕ್ಕ ನೋಡಿಕೊಳ್ಳೋರು, ಇವತ್ತಿನ ಪೇರೋಲ್ ಏಜೆನ್ಸಿ ಅಂದ್ಕೊಳ್ಳಿ. ಮೇಜರ್ ಖಾತೆಗೆ 1817ರಿಂದ 1820ರವರೆಗೆ ಹೆಚ್ಚಿನ ವೇತನ ಜಮಾ ಮಾಡುತ್ತಾ ಹೋದರು. ಆ ಹೆಚ್ಚಳ ಇಂಥ ಅಧಿಕಾರಿಗಳಿಗೆ ಸಲ್ಲುವುದಿಲ್ಲ ಅಂತ ಮೇಲಿನವರು 1816ರಲ್ಲೇ ಅವರಿಗೆ ತಿಳಿಸಿದ್ದರು. ಇವರು ಮೇಜರ್‌ಗೆ ಹೇಳಿದ್ದು 1821ರಲ್ಲಿ. ಮೇಜರ್ ತೀರಿಕೊಂಡ ಮೇಲೆ ಅವನ ಬಾಕಿ ಹಣದಲ್ಲಿ ಅದನ್ನ ಮುರ್ಕೊಳ್ಳೋಕೆ ನೋಡಿದರು. ಕೋರ್ಟು ಆಗಲ್ಲ ಅಂತು. ಮನುಷ್ಯ ತನಗೆ ಎಷ್ಟು ಆದಾಯ ಇದೆ ಅಂತ ನಂಬುತ್ತಾನೋ ಅದಕ್ಕೆ ತಕ್ಕ ಹಾಗೆ ಬದುಕುತ್ತಾನೆ, ನಂಬಿಸಿದವರೇ ವರ್ಷಗಳಾದ ಮೇಲೆ ವಾಪಸ್ ಕೇಳೋದು ಅನ್ಯಾಯ ಅನ್ನೋದು ಅದರ ಸಾರ.

ಓದಿ ಖುಷಿಯಾಯ್ತು. ಆ ಖುಷಿ ಹದಿನಾರು ವರ್ಷ ಮಾತ್ರ ಉಳೀತು, ಯಾಕಂದ್ರೆ 1841ರಲ್ಲಿ ಕೆಲ್ಲಿ ವಿರುದ್ಧ ಸೋಲಾರಿ ಬಂತು. ಸೋಲಾರಿ ಅನ್ನೋನು ವಿಮೆ ಮಾಡಿಸಿದ್ದ, ಒಂದು ಕಂತು ಕಟ್ಟಿರಲಿಲ್ಲ, ತೀರಿಕೊಂಡ. ಪಾಲಿಸಿ ರದ್ದಾಗಿದೆ ಅಂತ ವಿಮೆ ಕಚೇರಿಯ ಕಾಗದದ ಮೇಲೇ ಗುರುತು ಹಾಕಿತ್ತು. ನಿರ್ದೇಶಕರು ಅದನ್ನ ಮರೆತು ವಿಧವೆಗೆ ಹಣ ಕೊಟ್ಟುಬಿಟ್ಟರು. ಆಮೇಲೆ ವಾಪಸ್ ಕೇಳಿದರು. ‘ನಿಮ್ಮ ಕಚೇರಿಯಲ್ಲೇ ಬರೆದಿತ್ತಲ್ಲ, ನೋಡ್ಕೋಬೇಕಿತ್ತು’ ಅನ್ನೋ ವಾದ ನಡೀಲಿಲ್ಲ. ಕೊಟ್ಟವರು ಎಷ್ಟೇ ಅಜಾಗರೂಕರಾಗಿದ್ದರೂ, ನಿಜವಾಗಿ ತಪ್ಪು ತಿಳಿದು ಕೊಟ್ಟಿದ್ದರೆ ಆ ಹಣ ವಾಪಸ್ ಕೇಳಬಹುದು ಅಂತ ಕೋರ್ಟು ಹೇಳಿತು.

‘ನಿಮ್ಮ ಸಿಸ್ಟಮ್ ತಪ್ಪು, ನಂದಲ್ಲ’ ಅನ್ನೋದು ನಾನು ಮೇಡಂಗೆ ಹೇಳಬೇಕು ಅಂತ ರೆಡಿ ಮಾಡಿಟ್ಟ ಡೈಲಾಗ್. 1841ರಲ್ಲೇ ಸತ್ತುಹೋಗಿತ್ತು.

ಭಾಗ 3

ಇನ್ನೊಂದು ಡೈಲಾಗ್ ಉಳಿದಿತ್ತು. ‘ಖರ್ಚಾಗಿ ಹೋಯ್ತು.’

ಇದನ್ನ ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹೇಳಿದ್ದು ಯಾರು ಗೊತ್ತಾ? ಸರ್ಕಾರ! ಬನಾರಸಿನ ಒಂದು ವ್ಯಾಪಾರಿ ಸಂಸ್ಥೆ ಬೆಳ್ಳಿ ಗಟ್ಟಿಯ ವಾಯಿದಾ ವ್ಯಾಪಾರದ ಮೇಲೆ ಮಾರಾಟ ತೆರಿಗೆ ಕಟ್ಟಿತ್ತು. ಅಂಥ ವ್ಯವಹಾರದ ಮೇಲೆ ಆ ತೆರಿಗೆ ಹಾಕೋದೇ ಸಿಂಧುವಲ್ಲ ಅಂತ ಆಮೇಲೆ ತೀರ್ಪು ಬಂತು. ಸಂಸ್ಥೆ ವಾಪಸ್ ಕೇಳಿತು. ಸರ್ಕಾರದ ಕಡೆಯ ವಾದಗಳಲ್ಲಿ ಒಂದು, ಹಣ ಆಗಲೇ ಖರ್ಚಾಗಿದೆ ಅನ್ನೋದು. 1958ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೆಕ್ಷನ್ 72 ಓದಿ ಹೇಳಿತು: ಕಾಯ್ದೆಯ ಮಾತು ಸ್ಪಷ್ಟವಾಗಿದೆ, ಖರ್ಚಾಯಿತು ಅನ್ನೋದು ನೆಪವಾಗಲ್ಲ, ಕೊಡಿ. 1996ರ ಡಿಸೆಂಬರ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಮಫತ್‌ಲಾಲ್ ಪ್ರಕರಣದಲ್ಲಿ, ಈ ಬಿಗಿಯನ್ನ ಸಡಿಲ ಮಾಡಿತು. ಸೆಕ್ಷನ್ 72ರ ಬೇರು ನ್ಯಾಯಪ್ರಜ್ಞೆಯಲ್ಲಿದೆ, ಯಾರೂ ಇನ್ನೊಬ್ಬರ ನಷ್ಟದಲ್ಲಿ ಅನ್ಯಾಯವಾಗಿ ಶ್ರೀಮಂತರಾಗಬಾರದು ಅನ್ನೋದೇ ಅದರ ಅಡಿಪಾಯ ಅಂತು. ಅದೂ ತೆರಿಗೆ ಕೇಸೇ, ನನ್ನಂಥವರ ಸಂಬಳದ್ದಲ್ಲ. ಆದರೂ ಬಾಗಿಲು ಸ್ವಲ್ಪ ತೆರೆದ ಹಾಗೆ.

ಸಂಬಳದ ಕೇಸಲ್ಲೇ ‘ಖರ್ಚಾಯಿತು’ ಗೆದ್ದಿದ್ದು ಇಂಗ್ಲೆಂಡಿನಲ್ಲಿ, 1983ರಲ್ಲಿ. ಹೌಲೆಟ್ ಅನ್ನೋ ಶಿಕ್ಷಕರು ಗಾಯವಾಗಿ ರಜೆಯಲ್ಲಿದ್ದಾಗ ಏವನ್ ಕೌಂಟಿ ಕೌನ್ಸಿಲ್ ಅವರಿಗೆ 1,007 ಪೌಂಡ್ ಜಾಸ್ತಿ ಕೊಟ್ಟಿತ್ತು. ಅವರು ನಂಬಿ ಸುಮಾರು ಅರ್ಧ ಖರ್ಚು ಮಾಡಿದ್ದರು. ಕೌನ್ಸಿಲ್‌ಗೆ ಪೂರ್ತಿ ಮೊತ್ತ ವಾಪಸ್ ಸಿಗಲಿಲ್ಲ, ಉಳಿದ ಅರ್ಧವೂ ಸೇರಿ! ಅದು ಸ್ವಲ್ಪ ಜಾಸ್ತಿಯಾಯ್ತು ಅಂತ ನನಗೇ ಅನ್ನಿಸಿತು. ಇಲ್ಲೂ ‘ನಂಬಿ’ ಅನ್ನೋ ಪದ ನೋಡಿ. ಅದು ನನಗೆ ಚುಚ್ಚೋಕೆ ಶುರುವಾಗಿದ್ದು ಇಲ್ಲಿಂದ.

ಭಾಗ 4

ಈಗ ಸ್ವಲ್ಪ ಗಿರಣಿ ಕಡೆ ಹೋಗಿ ಬರೋಣ. ನಮ್ಮಲ್ಲಿ ಸಂಬಳ ಹಿಡಿಯೋ ವಿಚಾರಕ್ಕೆ ಒಂದು ಕರಾಳ ಇತಿಹಾಸ ಇದೆ. ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ಕೆಟ್ಟರೆ ಆ ಹಾಳಾದ ಬಟ್ಟೆಯನ್ನೇ ನೇಕಾರನ ಕೈಗೆ ಕೊಟ್ಟು ಅದರ ಬೆಲೆಯನ್ನ ಕೂಲಿಯಲ್ಲಿ ಮುರ್ಕೊಳ್ತಿದ್ದರು. ಒಂದು ದಿನ ತಪ್ಪಿಸಿಕೊಂಡರೆ ಎರಡು ದಿನದ ಕೂಲಿ ಕಟ್. ಎಷ್ಟು ಹಿಡಿದರು, ಯಾಕೆ ಹಿಡಿದರು ಅಂತ ಕೇಳೋಕೆ ಕಾಗದವೇ ಇರ್ತಿರಲಿಲ್ಲ.

1929ರಲ್ಲಿ ಜೆ. ಎಚ್. ವಿಟ್ಲಿ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ಆನ್ ಲೇಬರ್ ನೇಮಕವಾಯಿತು. ಕಾರ್ಮಿಕ ನಾಯಕ ಎನ್. ಎಂ. ಜೋಶಿ ಅದರ ಸದಸ್ಯರಲ್ಲೊಬ್ಬರು. 1931ರಲ್ಲಿ ವರದಿ ಬಂತು, 1936ರಲ್ಲಿ ವೇತನ ಪಾವತಿ ಕಾಯ್ದೆ ಆಯಿತು. 1937ರ ಮಾರ್ಚ್ 28ರಿಂದ ಜಾರಿ. ಮೊದಲು ಕಾರ್ಖಾನೆ, ರೈಲ್ವೆಗಳಲ್ಲಿ ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಮಾತ್ರ. ಅದರ ಸೆಕ್ಷನ್ 7 ನಂಗೆ ತುಂಬ ಇಷ್ಟ. ಮಾಲೀಕ ಏನೇನು ಹಿಡೀಬಹುದು ಅಂತ ಒಂದು ಪಟ್ಟಿ, ಅದರಲ್ಲಿ ಇಲ್ಲದ್ದನ್ನ ಹಿಡಿಯೋ ಹಾಗಿಲ್ಲ. ದಂಡದಿಂದ ಬಂದ ದುಡ್ಡೂ ಮಾಲೀಕನ ಜೇಬಿಗೆ ಹೋಗಬಾರದು, ಕಾರ್ಮಿಕರ ಒಳಿತಿಗೇ ಖರ್ಚಾಗಬೇಕು.

ಆ ಪಟ್ಟಿಯಲ್ಲಿ ಮುಂಗಡದ ಪಕ್ಕದಲ್ಲೇ ಕೂತಿದೆ ‘ಜಾಸ್ತಿ ಪಾವತಿಯಾದ ವೇತನದ ಹೊಂದಾಣಿಕೆ’. ಅಂದ್ರೆ ನೀವು ಕೆಲಸದಲ್ಲಿದ್ದಾಗ ಜಾಸ್ತಿ ಬಂದಿದ್ದರೆ ಮುಂದಿನ ಸಂಬಳದಲ್ಲಿ ಹಿಡೀಬಹುದು. ಅದಕ್ಕೂ ಮಿತಿ ಉಂಟು, ಸಾಮಾನ್ಯವಾಗಿ ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು. ಈ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಅದರಲ್ಲೂ ಇದೇ ಪಟ್ಟಿ, ಇದೇ 50 ಶೇಕಡಾ. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು ಅಂತ ಕೂಡ ಇದೆ, ಗೊತ್ತಿರಲಿ.

ಆದ್ರೆ ಕೆಲಸ ಬಿಟ್ಟವನ ಸಂಬಳ ಎಲ್ಲಿರುತ್ತೆ ಹಿಡಿಯೋಕೆ? ಅದಕ್ಕೇ ಫೋನು, ಮೇಲು, ನೋಟಿಸು. ಕೊಡಲ್ಲ ಅಂದ್ರೆ ಕಂಪನಿ ಸಿವಿಲ್ ದಾವೆ ಹಾಕಬೇಕು, ಸಾಮಾನ್ಯ ಲೆಕ್ಕದಲ್ಲಿ ಮೂರು ವರ್ಷದೊಳಗೆ. ‘ಮೂರು ದಿನ’ ಅನ್ನೋದು ಯಾವ ಕಾಯ್ದೆಯಲ್ಲೂ ನಂಗೆ ಸಿಗಲಿಲ್ಲ.

ಭಾಗ 5

ಸರ್ಕಾರಿ ನೌಕರರ ಕಥೆಯೇ ಬೇರೆ, ಅದು ದೊಡ್ಡದು.

1973ರಿಂದ 330-560 ರೂಪಾಯಿ ಶ್ರೇಣಿಯಲ್ಲಿ ಸಂಬಳ ತಗೊಳ್ತಿದ್ದ ಫಾರ್ಮಸಿಸ್ಟ್‌ಗಳಿಗೆ 1984ರಲ್ಲಿ ‘ನಿಮ್ಮದು 330-480’ ಅಂದರು. ಹನ್ನೊಂದು ವರ್ಷ ಆದ ಮೇಲೆ! 1994ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಶ್ಯಾಮ್ ಬಾಬು ವರ್ಮಾ ಪ್ರಕರಣದಲ್ಲಿ, ಶ್ರೇಣಿ ಸರಿಪಡಿಸಿ ಆದರೆ ಕೊಟ್ಟಿದ್ದನ್ನ ಕೇಳಬೇಡಿ ಅಂತು. ತಪ್ಪು ನೌಕರರದ್ದಲ್ಲವಲ್ಲ. ಅದೇ ವರ್ಷ ಹರಿಯಾಣದ ಕಾಲೇಜು ಲೈಬ್ರರಿಯನ್ ಸಾಹಿಬ್ ರಾಮ್ ಅವರಿಗೂ ಇದೇ ನ್ಯಾಯ ಸಿಕ್ಕಿತು. 2012ರಲ್ಲಿ ಗಾಳಿ ತಿರುಗಿತು. ಚಂಡಿ ಪ್ರಸಾದ್ ಉನಿಯಾಲ್ ಪ್ರಕರಣದಲ್ಲಿ, ಇದು ತೆರಿಗೆದಾರರ ಹಣ, ಕೊಟ್ಟ ಅಧಿಕಾರಿಯದ್ದೂ ಅಲ್ಲ ಪಡೆದವನದ್ದೂ ಅಲ್ಲ, ವಾಪಸ್ ಬರಬೇಕು ಅಂತ ಕೋರ್ಟು ಹೇಳಿತು.

ಈ ಎಳೆದಾಟ ಒಂದು ಹದಕ್ಕೆ ಬಂದಿದ್ದು 2014ರ ಡಿಸೆಂಬರ್ 18ರಂದು, ಪಂಜಾಬ್ ಸರ್ಕಾರ ವಿರುದ್ಧ ರಫೀಕ್ ಮಸೀಹ್ ತೀರ್ಪಿನಲ್ಲಿ. ಮೂರನೇ, ನಾಲ್ಕನೇ ದರ್ಜೆಯ ನೌಕರರಿಂದ ವಸೂಲಿ ಬೇಡ. ನಿವೃತ್ತರಾದವರಿಂದ, ವರ್ಷದೊಳಗೆ ನಿವೃತ್ತರಾಗೋರಿಂದ ಬೇಡ. ಐದು ವರ್ಷಕ್ಕಿಂತ ಹೆಚ್ಚು ಕಾಲ ತಪ್ಪು ಪಾವತಿ ನಡೆದಿದ್ದರೆ ಬೇಡ. ಮೇಲಿನ ಹುದ್ದೆಯ ಕೆಲಸ ಮಾಡಿಸಿ ಅದರ ಸಂಬಳ ಕೊಟ್ಟಿದ್ದರೆ ಬೇಡ. ವಸೂಲಿ ತೀರಾ ಕ್ರೂರ ಅನ್ನಿಸಿದರೂ ಬೇಡ. ಕೆಳಹಂತದ ನೌಕರ ಸಂಬಳವನ್ನೆಲ್ಲ ಮನೆ ನಡೆಸೋಕೇ ಹಾಕ್ತಾನೆ ಅನ್ನೋದನ್ನ ಕೋರ್ಟು ಅರ್ಥ ಮಾಡ್ಕೊಂಡಿತ್ತು. ಆದರೆ 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ, ‘ಜಾಸ್ತಿ ಬಂದರೆ ವಾಪಸ್ ಕೊಡ್ತೀನಿ’ ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದ ನ್ಯಾಯಾಂಗ ಅಧಿಕಾರಿಗೆ ಈ ರಕ್ಷಣೆ ಸಿಗಲಿಲ್ಲ. ಕಂತಿನಲ್ಲಿ ಕಟ್ಟಿ ಅಂದರು. ಸಹಿ ಹಾಕೋ ಮುಂಚೆ ಓದಿ ಅಂತ ಅಪ್ಪ ಹೇಳೋದು ಸುಮ್ಮನೆ ಅಲ್ಲ.

2022ರ ಮೇ 2ರಂದು ಥಾಮಸ್ ಡೇನಿಯಲ್ ತೀರ್ಪು. ಕೇರಳದ ಮುಖ್ಯೋಪಾಧ್ಯಾಯರು, 1999ರಲ್ಲಿ ನಿವೃತ್ತರು. ಸೇವಾ ನಿಯಮವನ್ನ ಇಲಾಖೆಯೇ ತಪ್ಪಾಗಿ ಅರ್ಥ ಮಾಡ್ಕೊಂಡು ಇನ್‌ಕ್ರಿಮೆಂಟ್ ಕೊಟ್ಟಿತ್ತು. ವಸೂಲಿ ಕೂಡದು ಅಂದ ಪೀಠದಲ್ಲಿದ್ದವರು ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್, ನಮ್ಮ ಮೂಡುಬಿದಿರೆ ಹತ್ತಿರದ ಬೆಳುವಾಯಿಯವರು. ಮೂಡುಬಿದಿರೆಯ ಮಹಾವೀರ ಕಾಲೇಜಿನಲ್ಲಿ ಓದಿದ್ದು ಬಿಕಾಂ! ಸಂಬಂಧ ಇಲ್ಲದಿದ್ದರೂ ಇದನ್ನ ಹೇಳದೇ ಇರೋಕೆ ಆಗಲಿಲ್ಲ.

ಭಾಗ 6

ಇಷ್ಟೆಲ್ಲ ಓದಿ ನಾನು ಗೆದ್ದೆ ಅಂತ ಹೇಳಬೇಕಿತ್ತು ಅಲ್ವಾ. ಇಲ್ಲ.

ರಫೀಕ್ ಮಸೀಹ್ ಸರ್ಕಾರಿ ನೌಕರರದ್ದು, ನಂದು ಖಾಸಗಿ. ಅದು ಬಿಡಿ. ಸ್ಕೈರಿಂಗ್, ಹೌಲೆಟ್, ಥಾಮಸ್ ಡೇನಿಯಲ್ ಮೂವರೂ ಆ ದುಡ್ಡು ತಮ್ಮದೇ ಅಂತ ನಂಬಿದ್ದರು. ನಾನು ಬಸ್ಸಲ್ಲಿ ಮೆಸೇಜ್ ನೋಡಿದಾಗಲೇ ನನ್ನದಲ್ಲ ಅಂತ ಅಂದ್ಕೊಂಡಿದ್ದೆ. ಈ ಇನ್ನೂರು ವರ್ಷದಲ್ಲಿ ನನ್ನ ಪಕ್ಕ ನಿಲ್ಲೋಕೆ ಒಬ್ಬರೂ ಸಿಗಲಿಲ್ಲ.

ಆದ್ರೆ 13,500 ಕೊಡೋಕೂ ಕಾರಣ ಇರಲಿಲ್ಲ. ಮೇಲ್ ಬರೆದು ಲೆಕ್ಕದ ಬಿಡಿಬಿಡಿ ವಿವರ ಕೇಳಿದೆ. ಬಂತು: ಒಂದು ತಿಂಗಳ ಗ್ರಾಸ್ 10,000, ಜೊತೆಗೆ ‘ಟ್ರೈನಿಂಗ್ ವೆಚ್ಚ’ 3,500. ನಾನು ಉತ್ತರ ಬರೆದೆ. ಖಾತೆಗೆ ಬಂದಿದ್ದು 8,725, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಪಿಎಫ್, ಇಎಸ್‌ಐಗೆ ಹೋದ 1,275 ನನ್ನ ಕೈಗೆ ಬಂದಿಲ್ಲ, ಅದನ್ನ ನೀವು ಅಲ್ಲೇ ಸರಿಪಡಿಸಿಕೊಳ್ಳಬೇಕು. ಟ್ರೈನಿಂಗ್ ವೆಚ್ಚಕ್ಕೆ ನಾನು ಸಹಿ ಮಾಡಿದ ಕಾಗದ ಇದ್ದರೆ ಕಳಿಸಿ. 8,725 ವಾಪಸ್ ಕೊಡ್ತೀನಿ, ನಾಲ್ಕು ಕಂತಲ್ಲಿ. ಪೂರ್ತಿ ಆದ ಮೇಲೆ ಬಾಕಿ ಇಲ್ಲ ಅಂತ ಬರೆದುಕೊಡಿ.

ಒಂಬತ್ತು ದಿನ ಉತ್ತರ ಇಲ್ಲ. ಆ ಒಂಬತ್ತು ದಿನ ಫೋನು ರಿಂಗಾದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗ್ತಿತ್ತು. ಹತ್ತನೇ ದಿನ ಒಂದೇ ಸಾಲಿನ ಮೇಲ್, ಒಪ್ಪಿಗೆ ಅಂತ. ಟ್ರೈನಿಂಗ್ ವೆಚ್ಚದ ಸುದ್ದಿಯೇ ಇಲ್ಲ.

2,200ರ ಮೂರು ಕಂತು, ಕೊನೆಯದು 2,125. ನಗದು ಬೇಡ ಅಂತ ಎಲ್ಲ ಬ್ಯಾಂಕ್ ಮೂಲಕ, ಪ್ರತಿ ಸಲ ‘ಮೇ ತಿಂಗಳ ತಪ್ಪು ಪಾವತಿ ವಾಪಸ್’ ಅಂತ ನೋಟ್ ಹಾಕಿ. ಅಮ್ಮನಿಗೆ ಹೇಳಿದ್ದು ಎರಡನೇ ಕಂತು ಆದ ಮೇಲೆ. ಅವಳು ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ ಮತ್ತೆ ಹಾಕ್ಕೊಂಡು, “ಹಂಗಾದ್ರೆ ಇದು ಸಾಲದ ಮೇಲೆ ತಂದಿದ್ದು ಅನ್ನು” ಅಂದಳು.

ನವೆಂಬರ್‌ನಲ್ಲಿ ಕೊನೆಯ ಕಂತು ಹೋಯ್ತು. ಎಕ್ಸ್‌ಪೀರಿಯನ್ಸ್ ಲೆಟರ್ ಬಂತು, ನನ್ನ ಹೆಸರಲ್ಲಿ ಒಂದು ಅಕ್ಷರ ತಪ್ಪಾಗಿದೆ. ತಿದ್ದಿಸೋಕೆ ಮತ್ತೆ ಮೇಲ್ ಹಾಕಿದ್ದೀನಿ.